ಅಧ್ಯಕ್ಷರ ಭಾಷಣ ಬರೆಯುವ ಸುಲೋಚನಾ ಟೀಚರ್

ಮುಂಬಯಿಯ ಕಡೆ ಕನ್ನಡದ ಕತೆಗಾರರಿಗೆ ಮರ್ಯಾದೆಯಿಲ್ಲ ಎಂದು ಯಾರಾದರೂ ಗೊಣಗಿದರೆ ಅವರನ್ನು ನೇರವಾಗಿ ಡೊಂಬಿವಲಿಗೆ ಕರೆತರಬೇಕು. ಸ್ಟೇಷನ್ನಿನ ಪೂರ್ವಕ್ಕೆ, ಶೇರಿಂಗ್ ರಿಕ್ಷಾದವನು ಇನ್ನು ಮುಂದೆ ಬರುವುದಿಲ್ಲ ಎಂದು ಇಳಿಸಿಬಿಡುವ ತಿರುವಿನಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಸುಲೋಚನಾ ಟೀಚರ ಮನೆಯಿದೆ. ಅಲ್ಲಿ ಕಪಾಟಿನ ಬಾಗಿಲು ತೆಗೆದರೆ ಶಾಲುಗಳು ಮೈಮೇಲೆ ಬೀಳುತ್ತವೆ. ಮಂಚದ ಕೆಳಗೆ ಬಗ್ಗಿದರೆ ಸ್ಮರಣಿಕೆಗಳು. ಊರಿಂದ ಬಂದ ನೆಂಟರಿಗೆಲ್ಲ ಶಾಲು ಹಂಚಿಯಾಯಿತು, ವಾಷಿಂಗ್ ಮಷಿನ್ನಿಗೆ ಒಂದು, ಹೊಲಿಗೆ ಯಂತ್ರಕ್ಕೆ ಒಂದು ಹೊದಿಸಿಯಾಯಿತು, ಆದರೂ ಮುಗಿದಿಲ್ಲ. ಮೇ ತಿಂಗಳ ಡೊಂಬಿವಲಿಯಲ್ಲಿ ಜರಿಯ ಶಾಲು ಹೊದಿಸಿಕೊಂಡು, ತಲೆಗೆ ಪೇಟ ಇಡಿಸಿಕೊಂಡು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಫೋಟೋಗೆ ನಗುವುದು ಸಾಹಿತಿಯಾದವರಿಗೆ ಮಾತ್ರ ಒದಗುವ ಭಾಗ್ಯ. ಆ ಭಾಗ್ಯ ಟೀಚರಿಗೆ ಹೇರಳವಾಗಿ ಒದಗಿತ್ತು.

ಅವರ ತಂದೆ ಗುರುವಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಹಣ ಎಣಿಸುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಮಗಳು ಓದುವುದರಲ್ಲಿ ಚುರುಕು ಎಂದು ತಿಳಿದಾಗ, ಊರಿಂದ ಬರುವ ಮಸಾಲೆ ಪುಡಿಯ ಪಾರ್ಸೆಲ್‌ಗಳಿಗೆ ಸುತ್ತಿದ್ದ ಹಳೆಯ ಕನ್ನಡ ವಾರಪತ್ರಿಕೆಗಳನ್ನು ಇಸ್ತ್ರಿ ಮಾಡಿದ ಹಾಗೆ ನೇರ ಮಾಡಿ ತಂದುಕೊಡುತ್ತಿದ್ದರು. ಹೀಗಾಗಿ ಸುಲೋಚನಾ ಓದಿದ ಮೊದಲ ಕತೆಗಳಿಗೆಲ್ಲ ಕೊತ್ತಂಬರಿ ಜೀರಿಗೆಯ ವಾಸನೆಯಿತ್ತು ಮತ್ತು ಹೆಚ್ಚಿನವಕ್ಕೆ ಕೊನೆಯ ಪುಟವಿರಲಿಲ್ಲ. ಕೊನೆಯನ್ನು ತಾನೇ ಊಹಿಸಿಕೊಳ್ಳುವ ಅಭ್ಯಾಸ ಅಲ್ಲಿಂದ ಶುರುವಾಗಿ, ಕಾಲೇಜು ಮುಗಿಸುವ ಹೊತ್ತಿಗೆ ಇಡೀ ಕತೆ ಬರೆಯುವ ಚಟವಾಗಿ ಬೆಳೆಯಿತು. ಅವರು ಮದುವೆಯಾದ ಯಶ್ವಂತ್ ಬೇಲಾಪುರದ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಹೆಂಡತಿಯ ಚಟವನ್ನು ಅವರು ಸಹಿಸಿಕೊಂಡರು. ಕುಡಿಯುವ ಗಂಡನನ್ನು ಸಹಿಸುವ ಹೆಂಡಂದಿರಿಗಿಂತ ತನ್ನ ಪಾಡು ಪರವಾಗಿಲ್ಲ ಎಂದು ಆಗಾಗ ಹೇಳುತ್ತಿದ್ದರು.

ಹೊಟ್ಟೆಪಾಡಿಗೆ ಟೀಚರ್ ಠಾಣೆಯ ಒಂದು ಕನ್ನಡ ಮಾಧ್ಯಮದ ಶಾಲೆಗೆ ಸೇರಿದರು. ಆಗ ಅಲ್ಲಿ ಬೆಂಚಿಗೆ ಐದೈದು ಮಕ್ಕಳು. ಆಮೇಲೆ ಕನ್ನಡದ ಮೇಲೆ ಅಪಾರ ಅಭಿಮಾನವಿದ್ದ ತಂದೆತಾಯಿಗಳೆಲ್ಲ ಒಬ್ಬೊಬ್ಬರಾಗಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ರಾಜ್ಯೋತ್ಸವದ ದಿನ ಅವರೇ ಬಂದು, ಕನ್ನಡ ಶಾಲೆಗಳು ಮುಚ್ಚುತ್ತಿರುವುದರ ಬಗ್ಗೆ ಕಣ್ಣೀರು ತುಂಬಿಕೊಂಡು ಮಾತಾಡಿದರು. ಕೊನೆಗೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚಾದವು, ಮುಂದಿನ ವರ್ಷ ಬೆಂಚುಗಳೂ ಉಳಿಯಲಿಲ್ಲ. ಮುಚ್ಚುವ ದಿನ ಒಂದು ಸಮಾರಂಭ ಮಾಡಿದರು. ಟೀಚರಿಗೆ ಶಾಲು ಹೊದಿಸಿದರು.

ಕತೆಗಾರ್ತಿಯಾಗಿಯೂ ಅವರ ದಾರಿ ಹೂವಿನದೇ. ಮುಂಬಯಿಯ ಕನ್ನಡ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕತೆಗಳು ಬಂದವು, ನಾಲ್ಕು ಸಂಕಲನಗಳಾದವು. ಬಿಡುಗಡೆಯ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಪುಸ್ತಕವನ್ನು ಎತ್ತಿ ತೋರಿಸಿ, "ಇದನ್ನು ಇನ್ನೂ ಓದಲು ಸಮಯ ಸಿಕ್ಕಿಲ್ಲ, ಆದರೆ ಮುಖಪುಟ ಬಹಳ ಚೆನ್ನಾಗಿದೆ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದ್ದರು. ಬೆಂಗಳೂರಿನವರು ಯಾವುದೋ ಸಂಗ್ರಹಕ್ಕೆ ಅವರ ಕತೆಯೊಂದನ್ನು ತೆಗೆದುಕೊಂಡು ಕಟ್ಟಕಡೆಯಲ್ಲಿ 'ಹೊರನಾಡು' ಎಂಬ ಭಾಗದಲ್ಲಿ ಸೇರಿಸಿದರು. ಹೊರನಾಡಿನವರು ಅವರನ್ನು 'ನಮ್ಮ ಮನೆಮಗಳು' ಎಂದು ಕರೆದರು. ಮನೆಮಗಳ ಪುಸ್ತಕವನ್ನು ಯಾರಾದರೂ ಕೊಂಡು ಓದುತ್ತಾರೆಯೇ?

ಆದರೆ ನಾಟಕದ ವಿಷಯದಲ್ಲಿ ಹಾಗಲ್ಲ. ಕಲ್ಯಾಣದಿಂದ ಬೇಲಾಪುರದವರೆಗೆ ಯಾವ ಸಂಘದ ವಾರ್ಷಿಕೋತ್ಸವವಿದ್ದರೂ ನಾಟಕಕ್ಕೆ ಸುಲೋಚನಾ ಟೀಚರೇ ಬೇಕು. ಬರೆಯುವವರು ಅವರೇ, ಆಡಿಸುವವರು ಅವರೇ, ರಾಣಿಯ ಪಾತ್ರದವಳಿಗೆ ಗಂಡನ ಮನೆಯವರು ಕೊನೆ ಗಳಿಗೆಯಲ್ಲಿ ಬೇಡವೆಂದರೆ ಕಿರೀಟ ಇಟ್ಟುಕೊಳ್ಳುವವರೂ ಅವರೇ. ನಟರು ಹೋಟೆಲಿನವರು, ಬ್ಯಾಂಕಿನವರು, ಅವರ ಮಕ್ಕಳು. ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಟೀಚರ್ ಪ್ರತಿ ನಾಟಕವನ್ನೂ ಎರಡು ಸಲ ಬರೆಯಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ಅದೇ ಕನ್ನಡವನ್ನು ಹಿಂದಿ ಅಕ್ಷರಗಳಲ್ಲಿ. ಇಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ನವಿ ಮುಂಬಯಿಯ ಕನ್ನಡ ರಂಗಭೂಮಿ ಹೀಗೆಯೇ ಉಸಿರಾಡುತ್ತದೆ.

ಈ ಹಿಂದಿ ಅಕ್ಷರದ ಕೈಚಳಕವೇ ಅವರನ್ನು ಇನ್ನೊಂದು ಕೆಲಸಕ್ಕೆ ಸಿಕ್ಕಿಸಿತು. ಘಣಸೋಲಿಯ ಕನ್ನಡ ಸಂಘಕ್ಕೆ ಲತೇಶ್ ಎಂಬವರು ಅಧ್ಯಕ್ಷರಾದರು. ಎರಡು ಬಾರ್, ಒಂದು ಶುದ್ಧ ಸಸ್ಯಾಹಾರಿ ಹೋಟೆಲಿನ ಮಾಲಕರು. ಹುಟ್ಟಿದ್ದು, ಬೆಳೆದದ್ದು ಇಲ್ಲಿಯೇ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ, ಪರವಾನಗಿಯ ಕಚೇರಿಯಲ್ಲಿ ಮರಾಠಿ. ಕನ್ನಡದ ಅಗತ್ಯ ಅವರಿಗೆ ಬೀಳುತ್ತಿದ್ದುದು ವೇದಿಕೆಯ ಮೇಲೆ ಮಾತ್ರ. ಅವರ ಮೊದಲ ಭಾಷಣವನ್ನು ಟೀಚರ್ ಹಿಂದಿ ಅಕ್ಷರಗಳಲ್ಲಿ ಬರೆದುಕೊಟ್ಟರು. ಅಧ್ಯಕ್ಷರು ಅದನ್ನು ಮಡಚಿ ಜೇಬಿಗಿಟ್ಟು, ಮೈಕಿನ ಮುಂದೆ ನಿಂತ ಮೇಲೆಯೇ ಬಿಚ್ಚಿ, ಗಂಭೀರವಾಗಿ ಓದಿ ಮುಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಂದಿನಿಂದ ರಾಜ್ಯೋತ್ಸವ, ವಾರ್ಷಿಕೋತ್ಸವ, ಹಳದಿ ಕುಂಕುಮ, ಶ್ರದ್ಧಾಂಜಲಿ, ಎಲ್ಲದಕ್ಕೂ ಅಧ್ಯಕ್ಷರ ಮಾತು ಟೀಚರದ್ದೇ. ಹೀಗೆ ಅವರ ಸಂಕಲನಗಳು ತಲುಪದಷ್ಟು ಜನರಿಗೆ ಲತೇಶರ ಬಾಯಿಯ ಮೂಲಕ ಅವರ ಗದ್ಯ ತಲುಪಿತು. 'ನಮ್ಮ ಅಧ್ಯಕ್ಷರ ಕನ್ನಡ ಎಂಥ ಕನ್ನಡ!' ಎಂದು ಜನ ಊಟದ ಸಾಲಿನಲ್ಲಿ ಟೀಚರಿಗೇ ಹೇಳುತ್ತಿದ್ದರು. ಟೀಚರ್ ಹೌದೆಂದು ತಲೆಯಾಡಿಸುತ್ತಿದ್ದರು.

ಇದನ್ನೆಲ್ಲ ಅವರು ಸಹಿಸಿಕೊಂಡದ್ದು ಒಂದು ಕೋಣೆಗಾಗಿ. ಘಣಸೋಲಿಯ ಹಳೆಯ ಊರಿಗೂ ಹೊಸ ಸೆಕ್ಟರುಗಳಿಗೂ ನಡುವೆ, ಡೇರಿಯೊಂದರ ಮೇಲೆ ಸಂಘಕ್ಕೆ ಒಂದು ಉದ್ದನೆಯ ಕೋಣೆಯಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಟೀಚರ್ ಅಲ್ಲಿ ಮಕ್ಕಳಿಗೆ ಕನ್ನಡ ಮತ್ತು ನಾಟಕ ಕಲಿಸುತ್ತಿದ್ದರು. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಅಲ್ಲಿಂದ ಸೇತುವೆ ಹತ್ತಿ ಇಳಿದು ಟ್ರಾನ್ಸ್‌ಹಾರ್ಬರ್ ಮಾರ್ಗದ ಇನ್ನೊಂದು ಗಾಡಿ. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದ್ದ ಭಾನುವಾರ ಬಸ್ಸು. ಯಾರೂ ಅವರಿಗೆ ಇದನ್ನು ಮಾಡಿ ಎಂದು ಹೇಳಿರಲಿಲ್ಲ. ಹಿಂದಿಯಲ್ಲಿ ಮಾತಾಡುತ್ತ, ಮೊಬೈಲು ಒತ್ತುತ್ತ, ಒತ್ತಾಯಕ್ಕೆ ಬಂದು ಕೂರುತ್ತಿದ್ದ ಆ ಮಕ್ಕಳು, ಒಂದು ಪಾತ್ರ ಕೊಟ್ಟ ಕೂಡಲೇ ಮೈಮೇಲೆ ದೇವರು ಬಂದವರಂತೆ ಕನ್ನಡದಲ್ಲಿ ಜಗಳವಾಡುತ್ತಿದ್ದವು, ಅಳುತ್ತಿದ್ದವು, ಶಾಪ ಹಾಕುತ್ತಿದ್ದವು. ಅದನ್ನು ನೋಡುವಾಗ ಟೀಚರಿಗೆ ತಾನು ಬರೆದ ನಾಲ್ಕು ಪುಸ್ತಕಗಳೂ ಆ ಗಂಟೆಯ ಮುಂದೆ ಏನೂ ಅಲ್ಲ ಎನ್ನಿಸುತ್ತಿತ್ತು. ಶಾಲೆ ಮುಚ್ಚಿದ ಮೇಲೆ ಅವರನ್ನು ನಿಜವಾಗಿ ಟೀಚರ್ ಮಾಡಿ ಇಟ್ಟದ್ದು ಆ ಕೋಣೆ. ಅದೊಂದು ಹೋದರೆ ತನ್ನಲ್ಲಿ ಉಳಿಯುವುದು ಶಾಲುಗಳು ಮಾತ್ರ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಕೋಣೆಯ ಮೇಲೆಯೇ ಕಣ್ಣು ಬಿತ್ತು. ಸಂಘದ ಕಾರ್ಯದರ್ಶಿ ಅಂಬಾರಾಯರು ಕಲಬುರಗಿಯ ಕಡೆಯವರು, ವಿಮಾ ಏಜೆಂಟರು, ಕೆಟ್ಟ ಸುದ್ದಿಯನ್ನು ಒಳ್ಳೆಯ ಸುದ್ದಿಯಂತೆ ಹೇಳುವುದರಲ್ಲಿ ಎತ್ತಿದ ಕೈ. ತಮ್ಮ ಊರಿನ ಶಾಲೆಗಳ ರೂಢಿಯಂತೆ ಅವರು ಟೀಚರನ್ನು 'ಅಕ್ಕೋರೆ' ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಫೋನು ಬಂತು.

"ಅಕ್ಕೋರೆ, ಖುಷಿ ಸುದ್ದಿ ಅದ. ಈ ಸಲ ವಾರ್ಷಿಕೋತ್ಸವದಾಗ ನಿಮಗ ದೊಡ್ಡ ಸನ್ಮಾನ ಮಾಡಬೇಕಂತ ಕಮಿಟಿ ಠರಾವ್ ಮಾಡೇದ್ರಿ."

"ಯಾಕೆ ಅಂಬಾರಾಯರೇ, ಹೋದ ವರ್ಷವೇ ಆಯಿತಲ್ಲ?"

"ಅದು ಸಣ್ಣದ್ರಿ. ಇದು ಬೀಳ್ಕೊಡುಗಿ ಸನ್ಮಾನ. ಇಷ್ಟ ವರ್ಷ ಸೇವಾ ಮಾಡೀರಿ, ಇನ್ನ ಜರಾ ಆರಾಮ ತಗೋರಿ."

"ಆರಾಮ ಯಾರು ಕೇಳಿದ್ದು? ನನಗೆ ಎಂತ ಆಗಿದೆ ಈಗ?"

"ಹಂಗಲ್ರಿ. ಘಣಸೋಲಿ ಕೋಣಿಗೆ ಎಸಿ ಹಾಕಸಿ ಮಿನಿ ಹಾಲ್ ಮಾಡೋದು ಅದ. ರವಿವಾರ ಬರ್ತ್‌ಡೇ, ಸೀಮಂತ, ಕಿಟ್ಟಿ ಪಾರ್ಟಿ, ಭಾರಿ ಡಿಮಾಂಡ್ ಅದರೀ. ನಿಮ್ಮ ಹುಡುಗರಿಗೆ ಬ್ಯಾರೆ ಕಡೆ ಎಲ್ಲರೆ ನೋಡೋಣಂತ." ಅಂಬಾರಾಯರು ಉಸಿರು ತೆಗೆದುಕೊಂಡರು. "ಮತ್ತ ಅಕ್ಕೋರೆ, ಒಂದು ಸಣ್ಣ ಕೆಲಸ. ಸನ್ಮಾನ ಪತ್ರ ನೀವೇ ಬರದು ಕಳಸ್ರಿ, ನಿಮ್ಮಷ್ಟು ಛಲೋ ಯಾರ ಬರೀತಾರ? ಹಂಗೇ ಅಧ್ಯಕ್ಷರು ನಿಮ್ಮ ಬಗ್ಗೆ ಮಾತಾಡೋ ಭಾಷಣಾನೂ ಒಂದೆರಡು ಪೇಜು ಹಿಂದಿ ಅಕ್ಷರದಾಗ."

ಟೀಚರ್ ಫೋನಿಟ್ಟರು. ತನ್ನ ಬೀಳ್ಕೊಡುಗೆಗೆ ತಾನೇ ಹೊಗಳಿಕೆ ಬರೆಯಬೇಕು, ಆ ಹೊಗಳಿಕೆಯನ್ನು ತನ್ನ ಕೋಣೆ ಕಿತ್ತುಕೊಳ್ಳುವವರಿಗೆ ಓದಲು ಬರುವ ಲಿಪಿಯಲ್ಲಿ ಬರೆಯಬೇಕು. ಯಶ್ವಂತ್ ಎದುರಿಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬರೆಯುದಿಲ್ಲ ಅಂತ ಹೇಳು" ಎಂದರು.

"ಬರೆಯದಿದ್ದರೆ ಕೋಣೆ ಉಳಿಯುತ್ತದಾ?"

"ಬರೆದರೆ ಉಳಿಯುತ್ತದಾ?"

ಈ ಪ್ರಶ್ನೆಯನ್ನು ಯಶ್ವಂತ್ ಕೇಳಬಾರದಿತ್ತು. ಬರೆದರೆ ಏನಾಗಬಹುದು ಎಂದು ಕತೆಗಾರರ ಎದುರು ಕೇಳುವುದು ಬೆಂಕಿಪೆಟ್ಟಿಗೆ ಕೊಟ್ಟಂತೆ. ಟೀಚರ್ ಎದ್ದು ಹೋಗಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿದರು. ಲತೇಶರ ಓದನ್ನು ಇಷ್ಟು ವರ್ಷ ಕೇಳಿ ಕೇಳಿ ಅವರ ಗಂಟಲು ಎಲ್ಲಿ ಏರುತ್ತದೆ, ಎಲ್ಲಿ ನಡುಗುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ತಾಯಿಯ ಮಾತು ಬಂದಲ್ಲಿ ಆ ಮನುಷ್ಯ ಒಂದು ಪುಟದಷ್ಟು ದೂರ ಹಿಂದುಮುಂದು ನೋಡದೆ ಓಡುತ್ತಾರೆ. ತಾಯಿ ಬಾಗಿಯಮ್ಮ ಯಾವ ಸಮಾರಂಭಕ್ಕೂ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಗಂಡ ಸತ್ತ ಮೇಲೆ ಸಣ್ಣ ಹೋಟೆಲನ್ನು ಒಬ್ಬರೇ ನಡೆಸಿ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಮಗ ಅವರಿಗೆ ಎದುರಾಡಿದ್ದನ್ನು ಯಾರೂ ನೋಡಿರಲಿಲ್ಲ.

ಮೊದಲ ಪುಟದಲ್ಲಿ ಟೀಚರ್ ತನ್ನನ್ನೇ ಧಾರಾಳವಾಗಿ ಹೊಗಳಿಕೊಂಡರು. ಎರಡನೆಯ ಪುಟದಲ್ಲಿ ಬಾಗಿಯಮ್ಮನನ್ನು ತಂದರು, ಮಕ್ಕಳಿಗೆ ತಾಯಿ ಕೊಡುವ ಭಾಷೆಯ ಬಗ್ಗೆ ನಾಲ್ಕು ಮಾತು ಬರೆದರು. ಸಭಿಕರ ಕಣ್ಣು ಒದ್ದೆಯಾಗಿ ಚಪ್ಪಾಳೆ ಬೀಳಬೇಕಾದ ಜಾಗಕ್ಕೆ ಸರಿಯಾಗಿ ಒಂದು ವಾಕ್ಯ ಸೇರಿಸಿದರು: 'ಆದ್ದರಿಂದ ಘಣಸೋಲಿಯ ನಮ್ಮ ಕೋಣೆಯನ್ನು ಇನ್ನು ಯಾರಿಗೂ ಬಾಡಿಗೆಗೆ ಕೊಡದೆ, ನನ್ನ ತಾಯಿ ಬಾಗಿಯಮ್ಮನವರ ಹೆಸರಿನಲ್ಲಿ, ಮಕ್ಕಳ ಕನ್ನಡ ಮತ್ತು ನಾಟಕದ ತರಗತಿಗೆ ಶಾಶ್ವತವಾಗಿ ಬಿಟ್ಟುಕೊಡುವುದಾಗಿ ಈ ವೇದಿಕೆಯಿಂದ ಘೋಷಿಸುತ್ತೇನೆ.' ಬರೆದು ಮುಗಿಸಿ ಓದಿಕೊಂಡರು. ಕತೆಗಾರ್ತಿಯಾಗಿ ಅವರಿಗೆ ಇಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಭಾಷಣವನ್ನು ವೇದಿಕೆಗೆ ಬರುವ ಮೊದಲು ಯಾರಾದರೂ ಓದಿ ನೋಡುತ್ತಾರೆ ಎಂಬ ಭಯ ಅವರಿಗಿರಲಿಲ್ಲ. ನಮ್ಮ ಸಂಘಗಳಲ್ಲಿ ಮೊದಲೇ ಪರೀಕ್ಷಿಸಿ ನೋಡುವುದು ಊಟದ ಉಪ್ಪನ್ನು ಮಾತ್ರ.

ವಾರ್ಷಿಕೋತ್ಸವ ಸೀವುಡ್ಸ್‌ನ ಸಭಾಗೃಹವೊಂದರಲ್ಲಿ ನಡೆಯಿತು. ಟೀಚರಿಗೆ ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಚಿನ್ನದ ಬಣ್ಣದ ಚೌಕಟ್ಟಿನ ಸನ್ಮಾನ ಪತ್ರ ಬಂತು. ತಾನೇ ಬರೆದ ಹೊಗಳಿಕೆಯನ್ನು ಕೇಳುತ್ತ ಅವರು ನಾಚಿಕೊಂಡವರಂತೆ ತಲೆ ತಗ್ಗಿಸಿದರು. ಆಮೇಲೆ ಲತೇಶ್ ಮೈಕಿನ ಮುಂದೆ ನಿಂತು ಜೇಬಿನಿಂದ ಕಾಗದ ತೆಗೆದರು. ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೆಯ ಪುಟದಲ್ಲಿ ತಾಯಿ ಬಂದರು, ಅಧ್ಯಕ್ಷರ ಗಂಟಲು ಬೇಕಾದ ಜಾಗದಲ್ಲಿ ನಡುಗಿತು, ಮತ್ತು ಅದೇ ನಡುಗುವ ದನಿಯಲ್ಲಿ ಅವರು ಘೋಷಣೆಯನ್ನೂ ಓದಿಬಿಟ್ಟರು.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ವೇದಿಕೆಯ ಮೂಲೆಯಲ್ಲಿ ನಿಂತಿದ್ದ ಅಂಬಾರಾಯರಿಗೆ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯಲು ಸಮಯ ಸಿಕ್ಕಿತು. ಮುಂದಿನ ಸಾಲಿನಲ್ಲಿ ಬಾಗಿಯಮ್ಮ ಎದ್ದು ನಿಂತರು. ಇಬ್ಬರು ಹೆಂಗಸರು ಕೈಹಿಡಿದು ಅವರನ್ನು ವೇದಿಕೆಗೆ ಹತ್ತಿಸಿದರು. ಅವರು ಮಗನ ಕೆನ್ನೆ ಸವರಿ, ಮೈಕಿಗೆ ಕೇಳುವಂತೆ, "ಎನ್ನ ಮಗೆ ಎಡ್ಡೆ ಬೇಲೆ ಮಲ್ತೆ" ಎಂದರು. ನನ್ನ ಮಗ ಒಳ್ಳೆಯ ಕೆಲಸ ಮಾಡಿದ ಎಂಬ ಆ ತುಳು ಮಾತಿಗೆ ಸಭೆ ಮತ್ತೊಮ್ಮೆ ಎದ್ದು ನಿಂತಿತು. ಅಷ್ಟಾದ ಮೇಲೆ ಯಾವ ಗಂಡಸು ತಾನೇ ಇಲ್ಲ, ಓದುವಾಗ ತಪ್ಪಾಯಿತು ಎಂದು ಹೇಳುತ್ತಾನೆ? ಊಟದ ಹೊತ್ತಿಗೆ ಲತೇಶ್ ಸುತ್ತ ನಿಂತವರಿಗೆ, "ಇದು ನನ್ನ ತಲೆಯಲ್ಲಿ ಬಹುತ್ ದಿನ್ ಸೆ ಇತ್ತು" ಎಂದು ಹೇಳುತ್ತಿದ್ದರು. ಟೀಚರ್ ಅದನ್ನು ಕೇಳಿಸಿಕೊಂಡು, ಎರಡು ಜಿಲೇಬಿ ಹೆಚ್ಚಿಗೆ ಹಾಕಿಸಿಕೊಂಡರು. ಡೊಂಬಿವಲಿಗೆ ವಾಪಸು ಬರುವಾಗ ಗಾಡಿಯಲ್ಲಿ ಯಾವುದೋ ಮಗು ನಕ್ಕರೂ ಇವರು ನಗುತ್ತಿದ್ದರು. ಅಧ್ಯಕ್ಷರನ್ನು ಏಮಾರಿಸಿದೆ ಎಂಬ ಸಂತೋಷ ಅವರ ಮುಖದಲ್ಲಿ ಇಳಿಯಲೇ ಇಲ್ಲ.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಕೋಣೆಗೆ ಬಣ್ಣ ಹೊಡೆದರು. ಎಸಿ ಹೇಗೂ ಆರ್ಡರ್ ಮಾಡಿಯಾಗಿತ್ತು, ಅದೂ ಬಂತು. ಬಾಗಿಲ ಮೇಲೆ ಬಾಗಿಯಮ್ಮನ ಹೆಸರು ಬಂತು. ಟೀಚರ್ ಉದ್ಘಾಟನೆಗೆಂದು ಮಕ್ಕಳಿಗೆ ಹೊಸ ನಾಟಕ ಕಲಿಸತೊಡಗಿದರು. ಅದರಲ್ಲಿ ಮುದುಕಿಯ ಪಾತ್ರ ಪ್ರೇಕ್ಷಾಳದ್ದು. ಎಂಟನೇ ತರಗತಿಯ ಹುಡುಗಿ, ಒಂದು ಕನ್ನಡ ವಾಕ್ಯಕ್ಕೆ ಮೂರು ಹಿಂದಿ ಪದ ಸೇರಿಸದೆ ಮಾತಾಡಿದವಳಲ್ಲ. ಆದರೆ ಕೋಲು ಹಿಡಿದು ಬೆನ್ನು ಬಗ್ಗಿಸಿದ ಕೂಡಲೇ ಅವಳ ಬಾಯಿಂದ ಕುಂದಾಪುರದ ಅಜ್ಜಿಯೊಬ್ಬಳು ಮಾತಾಡುತ್ತಿದ್ದಳು. ತಾಲೀಮು ಅರ್ಧಕ್ಕೆ ಬಂದಿತ್ತು. ಆಗ ಅಂಬಾರಾಯರು ಕಾಜು ಕತ್ಲಿಯ ಡಬ್ಬಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಮನೆಗೇ ಬಂದರು. ಡಬ್ಬಿ ನೋಡಿದ ಕೂಡಲೇ ಟೀಚರಿಗೆ ಏನೋ ಹೋಯಿತು ಎಂದು ಗೊತ್ತಾಯಿತು.

"ಅಕ್ಕೋರೆ, ಈಗ ನಮ್ಮ ಕ್ಲಾಸು ಸಾದಾ ಕ್ಲಾಸಲ್ರಿ, ದೊಡ್ಡ ಕೇಂದ್ರ ಆಗೇದ. ಅದಕ್ಕೊಂದು ಬ್ಯಾರೆ ಕಮಿಟಿ. ಕಲಸ್ಲಿಕ್ಕೆ ಅಧ್ಯಕ್ಷರ ಅಕ್ಕನ ಮಗಳು ರಮಿತಾ ಬರ್ತಾಳ. ನಾಟಕದ ಸರ್ಟಿಫಿಕೇಟ್ ಕೋರ್ಸ್ ಮಾಡ್ಯಾಳ, ಭಾರಿ ಹುಷಾರ್ ಹುಡುಗಿ."

"ನಾನು?"

"ನಿಮಗ ಬೀಳ್ಕೊಡುಗಿ ಸನ್ಮಾನ ಆಗೇದಲ್ರಿ! ಅಷ್ಟು ದೊಡ್ಡ ಸನ್ಮಾನ ಮಾಡಿ ಮತ್ತ ದುಡಸಿದ್ರ ಜನ ನಮಗ ಏನಂತಾರ? ನೀವು ಗೌರವ ಸಲಹೆಗಾರರು. ಬೋರ್ಡಿನಾಗ ಹೆಸರು ಬರ್ತದ." ಅಂಬಾರಾಯರು ಡಬ್ಬಿಯನ್ನು ಮುಂದಕ್ಕೆ ಸರಿಸಿದರು. "ಉದ್ಘಾಟನಾ ನಾಟಕ ನೀವೇ ಮುಗಸಿಕೊಡ್ರಿ. ಆಮ್ಯಾಲ ಅಧ್ಯಕ್ಷರ ಭಾಷಣ ಒಂದು."

ಗೌರವ ಸಲಹೆಗಾರರೆಂದರೆ ಯಾರೂ ಸಲಹೆ ಕೇಳದವರು ಎಂಬುದು ಸಂಘಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅಂಬಾರಾಯರು ಹೋದ ಮೇಲೆ ಟೀಚರ್ ಬಾಗಿಲು ಹಾಕಿಕೊಂಡು ಅತ್ತರು. ಜೋರಾಗಿ, ಮೂಗು ಸೋರುವಂತೆ ಅತ್ತರು. ಕೋಣೆಯನ್ನು ಉಳಿಸಲು ಅವರು ಎಲ್ಲರಿಗೂ ಜಾಗ ಬರೆದುಕೊಟ್ಟಿದ್ದರು. ಮಕ್ಕಳಿಗೆ ಕೋಣೆ, ಬಾಗಿಯಮ್ಮನಿಗೆ ಹೆಸರು, ಅಧ್ಯಕ್ಷರಿಗೆ ಕೀರ್ತಿ. ತನಗೆ ಮಾತ್ರ ಅರ್ಧ ಸಾಲನ್ನೂ ಬರೆದುಕೊಂಡಿರಲಿಲ್ಲ. ಅಲ್ಲಿ ಕಲಿಸುವವರು ತಾನೇ ಎಂಬುದು ಬರೆದು ಹೇಳಬೇಕಾದ ಮಾತು ಎಂದು ಅವರಿಗೆ ತೋಚಿರಲೇ ಇಲ್ಲ.

"ಈ ಸಲ ಬರೆ ಮಾರಾಯ್ತಿ" ಎಂದರು ಯಶ್ವಂತ್. "ಊರಿಗೆಲ್ಲ ಬರೆದದ್ದು ಸಾಕು. ಒಮ್ಮೆ ನಿನಗೇ ಬರೆ."

"ನನಗೆ ನಾನೇ ಕೇಳಿಕೊಳ್ಳುದಾ? ನಾಚಿಕೆ ಆಗುದಿಲ್ವಾ?"

"ಹೇಳುವವ ಲತೇಶ್ ಅಲ್ವಾ, ನೀನೆಲ್ಲಿ ಕೇಳುದು?"

ನಾಚಿಕೆಯೇನೋ ಆಯಿತು. ಇಷ್ಟು ವರ್ಷ ಕಂಡವರ ಸೀಮಂತಕ್ಕೂ ಶ್ರದ್ಧಾಂಜಲಿಗೂ ಮಾತು ಬರೆದ ಕೈ, ತನ್ನ ಹೆಸರು ಬರೆಯುವಾಗ ನಾಲ್ಕು ಸಲ ನಿಂತಿತು. ಆದರೂ ಟೀಚರ್ ಬರೆದರು. ತಾಯಿಯ ಮಾತು ಮುಗಿಯುವಲ್ಲಿ, ಗಂಟಲು ನಡುಗುವಲ್ಲಿ, ಚಪ್ಪಾಳೆಗೆ ಮುಂಚೆ: 'ಈ ಕೇಂದ್ರದಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕಲಿಸುವವರು ಎಂದೆಂದಿಗೂ ಸುಲೋಚನಾ ಟೀಚರೇ ಎಂದು ನಾನು ಘೋಷಿಸುತ್ತೇನೆ.' ಹಿಂದಿ ಅಕ್ಷರಗಳನ್ನು ಎಂದಿಗಿಂತ ದೊಡ್ಡದಾಗಿ, ಬಿಡಿಸಿ ಬರೆದರು. ಎಡವಬಾರದಲ್ಲ.

ಉದ್ಘಾಟನೆಯ ಭಾನುವಾರ ಮೆಗಾಬ್ಲಾಕ್ ಇತ್ತು. ಟೀಚರ್ ಮತ್ತು ಯಶ್ವಂತ್ ಬಸ್ಸಿನಲ್ಲಿ ನಿಂತುಕೊಂಡೇ ಘಣಸೋಲಿಗೆ ಬಂದರು. ಕೋಣೆ ತುಂಬಿ ಮೆಟ್ಟಿಲವರೆಗೂ ಜನ. ಮುಂದಿನ ಸಾಲಿನಲ್ಲಿ ಬಾಗಿಯಮ್ಮ ಧರ್ಮಾವರಂ ಸೀರೆ ಉಟ್ಟು ಕುಳಿತಿದ್ದರು. ಪಕ್ಕದಲ್ಲಿ ರಮಿತಾ. ಒಳ್ಳೆಯ ಹುಡುಗಿ, ಟೀಚರನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ಟೀಚರಿಗೆ ಇನ್ನಷ್ಟು ಸಂಕಟವಾಯಿತು.

ಲತೇಶ್ ಮೈಕಿನ ಮುಂದೆ ನಿಂತು ಜೇಬಿನಿಂದ ಕಾಗದ ತೆಗೆದರು, ಬಿಚ್ಚಿದರು, ಓದತೊಡಗಿದರು. ಟೀಚರ್ ಮೂರನೇ ಸಾಲಿನಲ್ಲಿ ಕುಳಿತು ಒಂದೊಂದೇ ಪದವನ್ನು ತುಟಿಯೊಳಗೆ ಅವರ ಜೊತೆ ಹೇಳಿಕೊಳ್ಳುತ್ತಿದ್ದರು. ತಾಯಿಯ ಮಾತು ಬಂತು. ಗಂಟಲು ನಡುಗಿತು. "ಈ ಕೇಂದ್ರದಲ್ಲಿ ಪ್ರತಿ ಭಾನುವಾರ" ಎಂದರು ಅಧ್ಯಕ್ಷರು, ಮತ್ತು ನಿಂತರು. ಕಾಗದವನ್ನು ಸ್ವಲ್ಪ ದೂರ ಹಿಡಿದರು. ಕಣ್ಣು ಆ ಸಾಲಿನ ಮೇಲೆ ಕೊನೆಯವರೆಗೂ ಹೋಗಿ ಬಂದದ್ದು ಟೀಚರಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಲತೇಶ್ ತಲೆಯೆತ್ತಿ, ಮೂರನೇ ಸಾಲಿನಲ್ಲಿ ಅವರನ್ನು ಹುಡುಕಿ, ಒಮ್ಮೆ ನೋಡಿದರು. ಸಿಟ್ಟಿನ ನೋಟವಲ್ಲ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರು ಹರಿದ ನೋಟನ್ನು ನಯವಾಗಿ ವಾಪಸು ಕೊಡುವಾಗ ನೋಡುತ್ತಾರಲ್ಲ, ಹಾಗೆ.

"ಈ ಕೇಂದ್ರದಲ್ಲಿ ಪ್ರತಿ ಭಾನುವಾರ ಮಕ್ಕಳು ಕನ್ನಡ ಕಲಿಯಲಿ" ಎಂದು ಅವರು ಸ್ವಂತ ಮಾತಿನಲ್ಲಿ ಮುಗಿಸಿದರು. ಒಂದು ತಪ್ಪೂ ಇಲ್ಲದ ಕನ್ನಡ. ಚಪ್ಪಾಳೆ ಬಿತ್ತು.

ನಾಟಕ ಚೆನ್ನಾಗಿ ನಡೆಯಿತು. ಪ್ರೇಕ್ಷಾಳ ಮುದುಕಿ ಸೊಸೆಗೆ ಬೈದ ಬೈಗುಳಕ್ಕೆ ಬಾಗಿಯಮ್ಮ ಬಿದ್ದು ಬಿದ್ದು ನಕ್ಕರು. ಕೊನೆಯ ದೃಶ್ಯದಲ್ಲಿ ಮೆಟ್ಟಿಲ ಮೇಲೆ ನಿಂತವರೂ ಮೂಗೊರೆಸಿಕೊಂಡರು. ಟೀಚರಿಗೆ ಮಾತ್ರ ಯಾವುದೂ ಸರಿಯಾಗಿ ಕಾಣಲಿಲ್ಲ.

ಊಟದ ಸಾಲಿನಲ್ಲಿ ಲತೇಶ್ ತಾವಾಗಿಯೇ ಪಕ್ಕಕ್ಕೆ ಬಂದು ನಿಂತರು. ಒಂದು ತಟ್ಟೆ ತೆಗೆದು ಅಂಗೈಯಿಂದ ಒರೆಸಿ ಟೀಚರ ಕೈಗೆ ಕೊಟ್ಟರು.

"ಟೀಚರ್, ಆ ಒಂದು ಲೈನ್ ಬಿಟ್ಟೆ. ಗಲತ್ ತಿಳ್ಕೊಬೇಡಿ. ರಮಿತಾಳೇ ಕಲಿಸುದು ಅಂತ ಅಕ್ಕನಿಗೆ ಮಾತು ಕೊಟ್ಟಾಗಿದೆ."

"ನೀವು ಓದುವ ಮೊದಲು ನೋಡುದಿಲ್ಲ ಅಂತ ನಾನು ತಿಳಿದಿದ್ದೆ."

"ಅರೆ, ನೋಡದೆ ಇರ್ತೇನಾ? ಮನೆಯಲ್ಲಿ ಎರಡು ಮೂರು ಸಲ ಓದ್ತೇನೆ. ಇವತ್ತು ಬೆಳಿಗ್ಗೆ ಟೈಮ್ ಸಿಗ್ಲಿಲ್ಲ, ಅದಕ್ಕೆ ಸ್ಟೇಜಿನಲ್ಲೇ ನಿಲ್ಲಬೇಕಾಯ್ತು."

"ಹಾಗಾದರೆ ಹೋದ ಸಲದ್ದು?"

ಲತೇಶ್ ನಕ್ಕರು. ಒಳ್ಳೆಯ ಮನಸ್ಸಿನ ನಗುವೇ. "ಹೋದ ಸಲದ್ದನ್ನು ಎರಡು ದಿನ ಮೊದಲೇ ಓದಿದ್ದೆ ಟೀಚರ್. ಅಂಬಾರಾಯರಿಗೆ ಹೇಳಿರ್ಲಿಲ್ಲ, ಅಷ್ಟೇ. ಆ ಲೈನು ಅಮ್ಮನ ಹೆಸರಿಗೆ ಇತ್ತು, ಓದಿದೆ. ಇದು ನಿಮ್ಮ ಹೆಸರಿಗೆ ಇತ್ತು."

ಟೀಚರಿಗೆ ನಗು ಬಂತು. ತಾನು ಏಮಾರಿಸಿದೆ ಎಂದು ಗಾಡಿಯುದ್ದಕ್ಕೂ ನಕ್ಕ ಆ ದಿನ ನೆನಪಾಗಿ ಕಿವಿ ಬಿಸಿಯಾಯಿತು. ಹಿಂದೆಯೇ ಇನ್ನೊಂದು ಯೋಚನೆ ಬಂತು. ನಾಲ್ಕು ಸಂಕಲನ, ಲೆಕ್ಕವಿಲ್ಲದಷ್ಟು ನಾಟಕ, ಅದಕ್ಕಿಂತ ಹೆಚ್ಚು ಶಾಲು. ಇಷ್ಟರ ನಡುವೆ ತಾನು ಬರೆದದ್ದನ್ನು ಮನೆಯಲ್ಲಿ ಕುಳಿತು ಎರಡೆರಡು ಸಲ ಓದಿ, ಯಾವ ಸಾಲು ಯಾಕೆ ಬಂತೆಂದು ತಿಳಿದುಕೊಂಡ ಓದುಗ ಇವರೊಬ್ಬರೇ.

"ನೀವು ಓದುತ್ತೀರಿ ಅಂತ ಗೊತ್ತಿದ್ದಿದ್ದರೆ" ಎಂದರು ಟೀಚರ್, "ಇಷ್ಟು ವರ್ಷ ಇನ್ನೂ ಸ್ವಲ್ಪ ಜಾಗ್ರತೆಯಲ್ಲಿ ಬರೆಯುತ್ತಿದ್ದೆ."

ಅದನ್ನು ಹೊಗಳಿಕೆ ಎಂದುಕೊಂಡು ಅಧ್ಯಕ್ಷರು ಕೈಮುಗಿದು ಮುಂದಿನ ಅತಿಥಿಯ ಕಡೆ ಹೋದರು.

ಪ್ರೇಕ್ಷಾ ಬಣ್ಣ ತೊಳೆಯದೆ, ಮುದುಕಿಯ ಬಿಳಿ ಕೂದಲಿನಲ್ಲೇ ಓಡಿ ಬಂದಳು. "ಟೀಚರ್, ಕೈಸಾ ಥಾ? ಆಪ್ ಸಂಡೇ ಕೋ ಆಓಗೇ ನಾ? ಮುಂದಿನ ನಾಟಕದಲ್ಲಿ ಮುಝೇ ರಾಣಿ ಬನ್ನಾ ಹೈ."

ಹೇಗಿತ್ತು, ಭಾನುವಾರ ಬರುತ್ತೀರಲ್ಲ ಎಂದು ಅವಳು ಕೇಳಿದ್ದು. ಹಿಂದಿಯಲ್ಲಿ ಕೇಳಿದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸುವುದು ಟೀಚರ ಪದ್ಧತಿ. ಇವತ್ತು ಹೇಳಿಸಲಿಲ್ಲ. ಸೆರಗಿನ ತುದಿಯಿಂದ ಹುಡುಗಿಯ ಕೆನ್ನೆಯ ಮೇಲೆ ಹರಡಿದ ಬಣ್ಣವನ್ನು ಒರೆಸುತ್ತ, "ರಮಿತಾ ಅಕ್ಕನಿಗೆ ಹೇಳು" ಎಂದರು. "ರಾಣಿಯ ಪಾತ್ರ ಕೊಡುವವಳು ಇನ್ನು ಅವಳು."